ಮನೆಯಲ್ಲಿ ಬೇಸ್ ಗಿಟಾರ್ ಅಭ್ಯಾಸಕ್ಕೆ ಸೆಕೆಂಡ್ ಹ್ಯಾಂಡ್ ಆಂಪ್: ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬೇಸ್ ಗಿಟಾರ್ ಮನೆಗೆ ಬಂದ ಮೊದಲ ವಾರ ಹೆಚ್ಚಿನವರು ಮಾಡುವ ಕೆಲಸ ಒಂದೇ. ಟಿವಿ ಪಕ್ಕದ ಹೋಮ್ ಥಿಯೇಟರ್‌ಗೆ ವೈರ್ ಸಿಕ್ಕಿಸಿ ನೋಡುತ್ತಾರೆ. ಇಲ್ಲವೇ ಗೆಳೆಯನ ಗಿಟಾರ್ ಆಂಪ್ (ಸದ್ದು ದೊಡ್ಡದು ಮಾಡುವ, ಸ್ಪೀಕರ್ ಇರುವ ಆಂಪ್ಲಿಫೈಯರ್ ಡಬ್ಬಿ) ಎರವಲು ತರುತ್ತಾರೆ. ಸದ್ದೇನೋ ಬರುತ್ತದೆ. ಆದರೆ ದಪ್ಪ ತಂತಿ ಮೀಟಿದಾಗ ಸ್ವರ ಕೇಳುವುದಿಲ್ಲ, ಬರೀ ಗುರ್ ಎನ್ನುತ್ತದೆ. ಜೋರು ಮಾಡಿದರೆ ಸ್ಪೀಕರ್ ಹರಿಯುತ್ತದೆ. ಜೋರು ಮಾಡದಿದ್ದರೆ ಬೇಸರ ಬಂದು ಗಿಟಾರ್ ಅಟ್ಟ ಸೇರುತ್ತದೆ. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಬಳ್ಳಾರಿಯವನು. ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತೇನೆ. ಸಿಂಧನೂರು, ಗಂಗಾವತಿ, ಮಾನ್ವಿ, ಕುಷ್ಟಗಿ ಕಡೆಯ ಹುಡುಗರು ಫೋನ್ ಮಾಡಿ ಕೇಳುತ್ತಿರುತ್ತಾರೆ: "ಅಣ್ಣಾ, ಒಂದ್ ಆಂಪ್ ಸಿಕ್ಕೈತಿ, ತಗೊಳ್ಲೇನು?" ಹೊಸದು ಕೊಳ್ಳುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಬೆಂಗಳೂರಿನಲ್ಲಿದ್ದರೆ ನಾಲ್ಕು ಅಂಗಡಿ ಸುತ್ತಿ ನುಡಿಸಿ ನೋಡಬಹುದು. ನಮ್ಮ ಕಡೆ ಆ ಅನುಕೂಲ ಕಡಿಮೆ. ಹಾಗಾಗಿ ನಾನು ಅವರಿಗೆಲ್ಲ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳುತ್ತೇನೆ. ವ್ಯಾಟ್ ಎಷ್ಟು ಅನ್ನುವುದನ್ನು ಕೊನೆಗೆ ನೋಡಿ. ಸಣ್ಣ ವಾಲ್ಯೂಮ್‌ನಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು, ಅದು ಮೊದಲನೆಯದು. ಕೆಟ್ಟರೆ ನಿಮ್ಮ ಊರಿನ ರಿಪೇರಿಯವರೇ ಬಿಚ್ಚಿ ಸರಿ ಮಾಡುವಂತಿರಬೇಕು, ಅದು ಎರಡನೆಯದು.

ಬೇಸ್‌ಗೆ ಬೇರೆ ಆಂಪ್ ಯಾಕೆ ಬೇಕು

ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪದ್ದು ಇ ತಂತಿ. ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಜ್. ಮಾಮೂಲಿ ಗಿಟಾರ್‌ನ ದಪ್ಪ ತಂತಿ ಇದರ ಎರಡರಷ್ಟು, 82 ಹರ್ಟ್ಜ್. ಐದು ತಂತಿಯ ಬೇಸ್ ಆದರೆ ಬಿ ತಂತಿ 31 ಹರ್ಟ್ಜ್‌ಗೆ ಇಳಿಯುತ್ತದೆ. ಸ್ವರ ಕೆಳಗಿಳಿದಷ್ಟೂ ಸ್ಪೀಕರ್‌ನ ಕೋನ್, ಅಂದರೆ ಮುಂದೆ ಕಾಣುವ ನಡುಗುವ ಬಟ್ಟಲು, ಹಿಂದಕ್ಕೂ ಮುಂದಕ್ಕೂ ಜಾಸ್ತಿ ದೂರ ಓಡಾಡಬೇಕು. ಗಿಟಾರ್ ಆಂಪ್‌ನ ಕೋನನ್ನು ಅಷ್ಟು ಓಡಾಟಕ್ಕೆ ಮಾಡಿರುವುದಿಲ್ಲ. ತೀರಾ ಸಣ್ಣ ವಾಲ್ಯೂಮ್‌ನಲ್ಲಿ ನಡೆಯುತ್ತದೆ. ಜೋರು ಮಾಡಿದಿರೋ, ಕೋನ್‌ನ ಅಂಚು ಬಿಟ್ಟುಕೊಳ್ಳುತ್ತದೆ, ಇಲ್ಲವೇ ಅದರ ಹಿಂದೆ ಅಂಟಿದ ತಂತಿಸುರುಳಿ (ಕಾಯಿಲ್) ಉಜ್ಜಲು ಶುರುವಾಗುತ್ತದೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ಮರುವರ್ಷವೇ, 1952ರಲ್ಲಿ, ಅದಕ್ಕೆಂದೇ 15 ಇಂಚಿನ ಸ್ಪೀಕರ್ ಇರುವ ಬೇಸ್‌ಮನ್ ಆಂಪ್ ಬಂತು. ವಾದ್ಯ ಹುಟ್ಟಿದ ಕೂಡಲೇ ಅದಕ್ಕೆ ಬೇರೆ ಆಂಪ್ ಬೇಕಾಯಿತು ಅಂದ ಮೇಲೆ ಅದರ ಅಗತ್ಯ ಎಷ್ಟಿದೆ ನೋಡಿ.

ನಮ್ಮ ಕಿವಿಯದ್ದೂ ಒಂದು ಗುಣವಿದೆ. ಸಣ್ಣ ಸದ್ದಿನಲ್ಲಿ ಕೆಳಗಿನ ಸ್ವರಗಳು ಕಿವಿಗೆ ಕಡಿಮೆ ಕೇಳುತ್ತವೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಅಂಗಡಿಯಲ್ಲಿ ಜೋರಾಗಿ ಕೇಳಿದಾಗ ಗುಂಡಗೆ ಚೆನ್ನಾಗಿದ್ದ ಆಂಪ್, ರಾತ್ರಿ ಮನೆಯಲ್ಲಿ ಮೆಲ್ಲಗೆ ನುಡಿಸಿದಾಗ ಸಪ್ಪೆ ಅನಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಪರೀಕ್ಷೆ ಮಾಡುವುದು ನೀವು ಮನೆಯಲ್ಲಿ ನುಡಿಸುವ ಸದ್ದಿನಲ್ಲೇ ಇರಲಿ.

ಊರಿನ ಕಾರ್ಯಕ್ರಮಗಳಲ್ಲಿ ಕಾಣುವ ಅಹುಜಾ ಆಂಪ್ ಮನೆಯಲ್ಲಿದ್ದರೆ ಅದಕ್ಕೇ ಸಿಕ್ಕಿಸಬಹುದಾ ಅಂತ ಹಲವರು ಕೇಳುತ್ತಾರೆ. ಬೇಡ. ಅದನ್ನು ಮಾಡಿರುವುದು ಮೈಕಿಗೆ. ಬೇಸ್‌ನ ತಂತಿಯ ಕಂಪನ ಹಿಡಿಯುವ ಪಿಕಪ್‌ಗೂ ಮೈಕಿನ ಸಾಕೆಟ್‌ಗೂ ಹೊಂದಿಕೆಯಾಗುವುದಿಲ್ಲ, ಸ್ವರ ಮಂಕಾಗುತ್ತದೆ. ಹಾರ್ನ್ ಸ್ಪೀಕರ್‌ನಲ್ಲಂತೂ ಬೇಸ್ ಹುಟ್ಟುವುದೇ ಇಲ್ಲ. ಕೀಬೋರ್ಡ್ ಆಂಪ್ ಇದ್ದರೆ ಮಾತ್ರ ಧೈರ್ಯವಾಗಿ ಬಳಸಿ. ಅದು ಕೆಳಗಿನ ಸ್ವರಗಳನ್ನು ತಡೆದುಕೊಳ್ಳುತ್ತದೆ.

ಹಂತ 1: ನಿಮ್ಮ ಕೋಣೆಗೆ ಎಷ್ಟು ಬೇಕು

ಒಬ್ಬರೇ ಕೂತು ಕಲಿಯುವುದಕ್ಕೆ 15ರಿಂದ 40 ವ್ಯಾಟ್ ಸಾಕೇ ಸಾಕು. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸಣ್ಣ ವ್ಯತ್ಯಾಸ. ಸದ್ದು ಎರಡರಷ್ಟು ಅನಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು. ಹಾಗಾಗಿ 20 ವ್ಯಾಟ್ ಬಿಟ್ಟು 40 ವ್ಯಾಟ್‌ಗೆ ಸುಮ್ನೆ ಸಾವಿರಾರು ರೂಪಾಯಿ ಜಾಸ್ತಿ ಕೊಡಬೇಡಿ. ಡ್ರಮ್ಸ್ ಜೊತೆ ನುಡಿಸುವುದಾದರೆ 100 ವ್ಯಾಟ್‌ಗಿಂತ ಮೇಲೆ ಹೋಗಬೇಕು. ಅದು ಬೇರೆ ಖರೀದಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹುಡುಕಿದರೆ ಮನೆಗೂ ಆಗದ, ಸ್ಟೇಜಿಗೂ ಆಗದ ವಸ್ತು ಕೈಗೆ ಬರುತ್ತದೆ.

ಸ್ಪೀಕರ್‌ನ ಅಳತೆಗೆ ಗಮನ ಕೊಡಿ. 6.5 ಇಂಚಿನದು ಹೆಡ್‌ಫೋನ್ ಜೊತೆಗೆ ಇಟ್ಟುಕೊಳ್ಳಲು ಪರವಾಗಿಲ್ಲ. 8 ಇಂಚು ಕನಿಷ್ಠ ಅಂದುಕೊಳ್ಳಿ. ನನ್ನನ್ನು ಕೇಳಿದರೆ ಮನೆಗೆ 10 ಇಂಚು ಹದವಾದ ಅಳತೆ. 12 ಮತ್ತು 15 ಇಂಚಿನವು ಸಣ್ಣ ಕೋಣೆಯಲ್ಲಿ ಗುಡುಗುತ್ತವೆ.

ಯಾಕೆ ಗುಡುಗುತ್ತವೆ ಗೊತ್ತಾ? 41 ಹರ್ಟ್ಜ್ ಸ್ವರದ ಒಂದು ಅಲೆಯ ಉದ್ದ ಸುಮಾರು 8.3 ಮೀಟರ್, ಅಂದರೆ 27 ಅಡಿ. ನಮ್ಮ ಮನೆಗಳ ಕೋಣೆ ಹತ್ತಡಿ, ಹನ್ನೆರಡಡಿ. ಗೋಡೆ ಸಿಮೆಂಟು, ಕೆಳಗೆ ಕಡಪ ಕಲ್ಲು, ಮೇಲೆ ಆರ್‌ಸಿಸಿ. ಸದ್ದನ್ನು ಹೀರಿಕೊಳ್ಳುವ ವಸ್ತುವೇ ಇಲ್ಲ. ಅಲೆ ಗೋಡೆಯಿಂದ ಗೋಡೆಗೆ ಬಡಿದು ಒಂದು ಸ್ವರ ಢಂ ಎನ್ನುತ್ತದೆ, ಪಕ್ಕದ ಸ್ವರ ಮಾಯವಾಗುತ್ತದೆ. ಕೂತ ಜಾಗ ಬದಲಿಸಿದರೆ ಅದೂ ಬದಲಾಗುತ್ತದೆ. ಇದು ಆಂಪ್‌ನ ತಪ್ಪಲ್ಲ. ಮಾರುವವರ ಮನೆಯಲ್ಲಿ ನುಡಿಸಿ ನೋಡುವಾಗ ಇದು ನೆನಪಿರಲಿ. ಎರಡು ಮೂರು ಕಡೆ ನಿಂತು ಕೇಳಿ.

ಹೆಡ್‌ಫೋನ್ ಸಾಕೆಟ್ ಇಲ್ಲದ ಆಂಪ್ ಮನೆಗೆ ತರಬೇಡಿ. ಬೇಸಿಗೆಯಲ್ಲಿ ಇಡೀ ಓಣಿ ಮಾಳಿಗೆ ಮೇಲೆ ಮಲಗಿರುತ್ತದೆ. ಬೇಸ್‌ನ ಸದ್ದು ಗೋಡೆ ದಾಟಿ ಹೋಗುವಷ್ಟು ಬೇರೆ ಯಾವ ಸದ್ದೂ ಹೋಗುವುದಿಲ್ಲ. ಮೊಬೈಲ್‌ನಿಂದ ಹಾಡು ಹಾಕಿ ಜೊತೆಗೆ ನುಡಿಸಲು ಆಕ್ಸ್ ಸಾಕೆಟ್ ಇದ್ದರೆ ಕಲಿಕೆ ಬೇಗ ಆಗುತ್ತದೆ.

ಹಂತ 2: ಯಾವ ಹೆಸರುಗಳನ್ನು ಹುಡುಕಬೇಕು

ಫೆಂಡರ್ ರಂಬಲ್ 25 ಮತ್ತು ರಂಬಲ್ 40 ಸೆಕೆಂಡ್ ಹ್ಯಾಂಡ್‌ನಲ್ಲಿ ಕಾಣಸಿಗುವ ಮಾದರಿಗಳು. 25ರಲ್ಲಿ 8 ಇಂಚು, 40ರಲ್ಲಿ 10 ಇಂಚಿನ ಸ್ಪೀಕರ್. ಆಂಪೆಗ್‌ನ ಬಿಎ-108 ಮತ್ತು ಬಿಎ-110 ಕೂಡ ಹೀಗೇ, 8 ಮತ್ತು 10 ಇಂಚು. ಲೇನಿ ಆರ್‌ಬಿ1 15 ವ್ಯಾಟ್, ಆರ್‌ಬಿ2 30 ವ್ಯಾಟ್. ಹಾರ್ಟ್ಕಿ ಎಚ್‌ಡಿ25 ಮತ್ತು ಎಚ್‌ಡಿ50 ಇನ್ನೊಂದು ಜೋಡಿ. ಇವುಗಳ ಕೋನ್ ಹೊರಗೆ ಕಾಗದ, ನಡುವೆ ಅಲ್ಯೂಮಿನಿಯಂ. ಆರೆಂಜ್ ಕ್ರಶ್ ಬೇಸ್ 25 ಸಹ ಒಳ್ಳೆಯದು. ರೋಲೆಂಡ್ ಮೈಕ್ರೋ ಕ್ಯೂಬ್ ಬೇಸ್ ಬ್ಯಾಟರಿಯಲ್ಲೂ ನಡೆಯುತ್ತದೆ. ಕರೆಂಟ್ ಪದೇ ಪದೇ ಹೋಗುವ ಹಳ್ಳಿಯಲ್ಲಿದ್ದರೆ ಅದೊಂದು ಲಾಭ. ನಮ್ಮ ದೇಶದ ಸ್ಟ್ರೇಂಜರ್ ಕಂಪನಿಯ ಕ್ಯೂಬ್ ಆಂಪ್‌ಗಳೂ ಸಿಗುತ್ತವೆ. ಅದು ಗಿಟಾರ್‌ದೋ ಬೇಸ್‌ದೋ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಹಳೆ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಆಂಪ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಮೊದಲ ಆಂಪ್ ಆಗಿ ತರಬೇಡಿ. ಭಾರ ಜಾಸ್ತಿ, ವಾಲ್ವ್ ಹುಡುಕುವುದು ಕಷ್ಟ, ಒಳಗೆ ನೂರಾರು ವೋಲ್ಟ್ ಇರುತ್ತದೆ.

ಇನ್ನು ರಿಪೇರಿಯ ಮಾತು. ಸಣ್ಣ ಬೇಸ್ ಆಂಪ್‌ಗಳಲ್ಲಿ ಒಂದು ತರಹದವಕ್ಕೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ಅಲ್ಯೂಮಿನಿಯಂ ಹೀಟ್ ಸಿಂಕ್, ಅದಕ್ಕೆ ಅಂಟಿದ ಒಂದು ಪವರ್ ಐಸಿ (ಸ್ಪೀಕರ್ ನಡೆಸುವ ಚಿಪ್) ಇರುತ್ತದೆ. ಟಿಡಿಎ 2050, ಎಲ್‌ಎಂ 3886 ಇಂಥವು. ಇಂಥ ಐಸಿಗಳು ಹೋಮ್ ಥಿಯೇಟರ್ ಆಂಪ್‌ಗಳಲ್ಲೂ ಇರುವುದರಿಂದ ಊರಿನ ಮೆಕ್ಯಾನಿಕ್‌ಗಳ ಕೈ ಪಳಗಿರುತ್ತದೆ. ಇನ್ನೊಂದು ತರಹದವು ಹಗುರ. ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಸಪ್ಲೈ, ಡಿ ಕ್ಲಾಸ್ ಬೋರ್ಡ್. ಚೆನ್ನಾಗಿ ನುಡಿಯುತ್ತವೆ, ಆದರೆ ಕೆಟ್ಟರೆ ಬೋರ್ಡೇ ಬದಲಿಸಬೇಕಾಗಬಹುದು. ನನ್ನ ಆಂಪ್‌ಗಳನ್ನು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ: "ಐಸಿ ಹೋಗಿದ್ರ ತಾಸಿನ ಕೆಲ್ಸ ತಮ್ಮಾ. ಇರುವಿ ತತ್ತಿಯಂಥಾ ಪಾರ್ಟ್ ಇದ್ರ ನಂಗ ಕಣ್ಣಿಗಿ ಕಾಣಂಗಿಲ್ಲ." ಕೊಳ್ಳುವ ಮುಂಚೆ ನಿಮ್ಮೂರಿನ ಅಂಥವರ ಹತ್ತಿರ ಹೋಗಿ. ಮಾದರಿಯ ಹೆಸರು, ಒಳಗಿನ ಫೋಟೋ ತೋರಿಸಿ, "ಇದು ನಿಮ್ಮ ಕೈಲಿ ಆಗುತ್ತಾ ಕಾಕಾ" ಅಂತ ಕೇಳಿ. ಹತ್ತು ನಿಮಿಷದ ಕೆಲಸ, ಮುಂದಿನ ಹತ್ತು ವರ್ಷಕ್ಕೆ ಉಪಯೋಗ.

ಹಂತ 3: ಎಲ್ಲಿ ಹುಡುಕಬೇಕು

ಓಎಲ್‌ಎಕ್ಸ್, ಫೇಸ್‌ಬುಕ್ ಎಲ್ಲರಿಗೂ ಗೊತ್ತು. ಅಲ್ಲಿ ನಿಮ್ಮ ಊರಿನ ಹೆಸರು ಮಾತ್ರ ಹಾಕಿದರೆ ಏನೂ ಬರುವುದಿಲ್ಲ. ರಾಯಚೂರಿನವರು ಹೈದರಾಬಾದ್, ಕೊಪ್ಪಳದವರು ಹುಬ್ಬಳ್ಳಿ, ಬಳ್ಳಾರಿಯವರು ಬೆಂಗಳೂರು ಸೇರಿಸಿ ಹುಡುಕಿ. ರೈಲು ಇದೆ, ಹೋಗಿ ನೋಡಿ ಬರಬಹುದು.

ಆದರೆ ಒಳ್ಳೆಯ ಆಂಪ್‌ಗಳು ಬಾಯಿಂದ ಬಾಯಿಗೆ ಸಿಗುವುದೇ ಜಾಸ್ತಿ. ಆರ್ಕೆಸ್ಟ್ರಾದವರನ್ನು ಕೇಳಿ. ಚರ್ಚ್‌ಗಳ ಗಾಯನ ತಂಡದವರನ್ನು ಕೇಳಿ, ದೊಡ್ಡದು ತಂದಾಗ ಅವರ ಹಳೆಯ ಸಣ್ಣ ಆಂಪ್ ಮೂಲೆಯಲ್ಲಿ ಇರುತ್ತದೆ. ಮೆಡಿಕಲ್, ಎಂಜಿನಿಯರಿಂಗ್ ಓದುವವರು ಕೋರ್ಸ್ ಮುಗಿಸಿ ಊರಿಗೆ ಹೊರಡುವಾಗ ಮಾರುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ ಬೇರೆ ರಾಜ್ಯದವರು ಬಹಳ ಜನ ಇದ್ದಾರೆ, ಕೆಲಸ ಬದಲಾದಾಗ ಭಾರದ ಸಾಮಾನು ಬಿಟ್ಟು ಹೋಗಲು ನೋಡುತ್ತಾರೆ. ಇಂಥ ಕಡೆ ಮುಖ ನೋಡಿ ಮಾತಾಡಬಹುದು, ನಾಳೆ ಏನಾದರೂ ಆದರೆ ಕೇಳಲೂಬಹುದು.

ನೋಡದೆ ಮುಂಗಡ ಹಾಕಬೇಡಿ. "ನಾನು ಮಿಲಿಟರಿಯಲ್ಲಿದ್ದೇನೆ, ವರ್ಗ ಆಗಿದೆ, ಪಾರ್ಸೆಲ್ ಕಳಿಸುತ್ತೇನೆ" ಎನ್ನುವ ಮೆಸೇಜ್ ಹಳೆಯ ಮೋಸ. ಯಾರಾದರೂ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದಲೇ.

ಹಂತ 4: ಹೋಗುವ ಮುಂಚೆ ಫೋನಿನಲ್ಲಿ ಕೇಳುವುದು

ಮೊದಲು ಹಿಂಭಾಗದ ಲೇಬಲ್‌ನ ಸ್ಪಷ್ಟ ಫೋಟೋ ತರಿಸಿಕೊಳ್ಳಿ. ಅದರಲ್ಲಿ ವೋಲ್ಟೇಜ್ ಬರೆದಿರುತ್ತದೆ. ನಮ್ಮದು 230 ವೋಲ್ಟ್, 50 ಹರ್ಟ್ಜ್. ಅಮೆರಿಕದಿಂದ ಯಾರೋ ಸಂಬಂಧಿಕರು ತಂದ ಆಂಪ್ ಆದರೆ 120 ವೋಲ್ಟ್ ಇರುತ್ತದೆ, ಜಪಾನಿನದಾದರೆ 100. ಅದನ್ನು ನೇರವಾಗಿ ನಮ್ಮ ಸಾಕೆಟ್‌ಗೆ ಹಾಕಿದರೆ ಸುಟ್ಟಂತೆಯೇ. ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇದ್ದರೆ ಸರಿ. ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ನಾನಾದರೆ ಬೇರೆ ಆಂಪ್ ಹುಡುಕುತ್ತೇನೆ.

ಎಷ್ಟು ವರ್ಷ ಆಯಿತು, ಎಂದಾದರೂ ಬಿಚ್ಚಿಸಿದ್ದರಾ, ಈಗ ಯಾಕೆ ಮಾರುತ್ತಿದ್ದೀರಿ ಅಂತಲೂ ಕೇಳಿ. ಒಮ್ಮೆ ರಿಪೇರಿ ಆಗಿದೆ ಅಂತ ತಾವಾಗಿಯೇ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಹೋಗುವಾಗ ನಿಮ್ಮ ಸ್ವಂತ ಬೇಸ್, ಚೆನ್ನಾಗಿದೆ ಅಂತ ಗೊತ್ತಿರುವ ಕೇಬಲ್, ಹೆಡ್‌ಫೋನ್, ಕರೆಂಟ್ ನೋಡುವ ಟೆಸ್ಟರ್, ಮೊಬೈಲ್‌ಗೆ ಹಾಕುವ ಆಕ್ಸ್ ವೈರ್ ಒಯ್ಯಿರಿ. ಟಾರ್ಚ್ ಮೊಬೈಲ್‌ನಲ್ಲೇ ಇದೆ.

ಬೇಸ್ ಒಯ್ಯಿರಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಆಂಪ್ ಕೊಳ್ಳಲು ನಾನು ಬರಿಗೈಯಲ್ಲಿ ಹೋಗಿದ್ದೆ. ಮಾರುವವರೇ ತಮ್ಮ ಗಿಟಾರ್ ಸಿಕ್ಕಿಸಿ ನುಡಿಸಿ ತೋರಿಸಿದರು. ಕೇಳಲು ಬಹಳ ಚೆನ್ನಾಗಿತ್ತು. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ರಾತ್ರಿ ನನ್ನ ಬೇಸ್ ಸಿಕ್ಕಿಸಿದೆ. ಎ ತಂತಿಗಿಂತ ಕೆಳಗೆ ಇಳಿದ ಕೂಡಲೇ ಪರಪರ ಅಂತ ಹರಿದ ಸದ್ದು. ಅವರು ತೋರಿಸಿದ್ದು ಬರೀ ಮೇಲಿನ ಸ್ವರಗಳನ್ನು. ಸ್ಪೀಕರ್ ಕಾಯಿಲ್ ಉಜ್ಜುತ್ತಿತ್ತು. ವಾಪಸ್ ಫೋನ್ ಮಾಡಿದರೆ ಎತ್ತಲಿಲ್ಲ. ಎರಡು ತಿಂಗಳ ಟ್ಯೂಷನ್ ದುಡ್ಡು ಹೋಗಿತ್ತು. ಆ ರಾತ್ರಿಯ ಸಂಕಟ ಇನ್ನೊಬ್ಬರಿಗೆ ಬೇಡ.

ಹಂತ 5: ಕಣ್ಣಿನಿಂದ ನೋಡುವುದು

ಪ್ಲಗ್‌ನಿಂದ ಶುರು ಮಾಡಿ. ಮೂರು ಪಿನ್ ಇದೆಯಾ? ಮೇಲಿನ ದಪ್ಪ ಅರ್ಥ್ ಪಿನ್ ಮುರಿದಿದ್ದರೆ, ಇಲ್ಲವೇ ಎರಡು ಪಿನ್ನಿನ ಪ್ಲಗ್ ಹಾಕಿದ್ದರೆ ಆಂಪ್ ಆನ್ ಮಾಡಲೇಬೇಡಿ. ಪ್ಲಗ್ ತೆಗೆದು ಹಿಂದಿನ ಫ್ಯೂಸ್ ಬಿಚ್ಚಿ ನೋಡಿ. ಗಾಜಿನ ಫ್ಯೂಸ್‌ಗೆ ಬೆಳ್ಳಿ ಕಾಗದ ಸುತ್ತಿದ್ದರೆ, ತಾಮ್ರದ ಎಳೆ ಕಟ್ಟಿದ್ದರೆ, ಒಳಗೆ ಏನೋ ಪದೇ ಪದೇ ಶಾರ್ಟ್ ಆಗುತ್ತಿದೆ ಅಂತ ಅರ್ಥ. ಬರೆದಿರುವುದಕ್ಕಿಂತ ದೊಡ್ಡ ಆಂಪಿಯರ್ ಫ್ಯೂಸ್ ಹಾಕಿದ್ದರೂ ಅಷ್ಟೇ.

ಜಾಲರಿಯ ಮೂಲಕ ಟಾರ್ಚ್ ಬಿಟ್ಟು ಕೋನ್ ನೋಡಿ. ಹರಿದಿದೆಯಾ, ಅಂಚಿನ ಮಡಿಕೆ ಬಿಟ್ಟಿದೆಯಾ, ನಡುವಿನ ಗುಂಡು ಟೋಪಿ ಒಳಗೆ ಒತ್ತಿಹೋಗಿದೆಯಾ. ಟೋಪಿ ತಗ್ಗಾಗಿದ್ದರೆ ನೋಡಲು ಮಾತ್ರ ಕೆಟ್ಟದು, ಸದ್ದಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅಂಚು ಬಿಟ್ಟಿದ್ದರೆ ರೀಕೋನ್ ಮಾಡಿಸಬೇಕು, ಅಂದರೆ ಕೋನ್ ಬದಲಿಸಬೇಕು. ಡಬ್ಬಿಯ ಹೊರಗಿನ ಗೀರು, ಮೂಲೆ ಸವೆತ ಲೆಕ್ಕಕ್ಕಿಲ್ಲ. ಕೆಳಗಿನ ಹಲಗೆ ಉಬ್ಬಿದ್ದರೆ ಮಾತ್ರ ಅದು ನೀರು ಕುಡಿದಿದೆ.

ಸಂಡೂರು, ತೋರಣಗಲ್ಲು ಕಡೆಯ ಆಂಪ್ ಆದರೆ ಗಾಳಿ ಕಿಂಡಿಗಳಲ್ಲಿ ಕೆಂಪು ಧೂಳು ಕೂತಿರುತ್ತದೆ. ಅದಿರಿನ ಧೂಳು ನಾಬ್‌ಗಳ ಒಳಗೂ ಇಳಿಯುತ್ತದೆ. ಇದೊಂದೇ ಕಾರಣಕ್ಕೆ ಬಿಡಬೇಡಿ, ಶುಚಿ ಮಾಡಬಹುದು. ಇನ್ನೊಂದು, ಹಲ್ಲಿ ಮತ್ತು ಜಿರಲೆ. ಬಹಳ ದಿನ ಮೂಲೆಯಲ್ಲಿದ್ದ ಆಂಪ್‌ನೊಳಗೆ ಇವು ಮನೆ ಮಾಡಿರುತ್ತವೆ. ಕರೆಂಟ್ ಇರುವ ಜಾಗಕ್ಕೆ ಹಲ್ಲಿ ಸಿಕ್ಕಿಕೊಂಡು ಬೋರ್ಡ್ ಸುಟ್ಟದ್ದನ್ನು ನೋಡಿದ್ದೇನೆ. ಕಿಂಡಿಯ ಹತ್ತಿರ ಮೂಗಿಟ್ಟು ವಾಸನೆ ನೋಡಿ. ಸುಟ್ಟ ವಾಸನೆ ಇದ್ದರೆ ಎದ್ದು ಬನ್ನಿ.

ಹಂತ 6: ಆನ್ ಮಾಡಿ ಕೇಳುವುದು

ಇಲ್ಲಿ ಅವಸರ ಬೇಡ. ಅರ್ಧ ಗಂಟೆ ಬೇಕು ಅಂತ ಮೊದಲೇ ಹೇಳಿಡಿ.

ಬೇಸ್ ಸಿಕ್ಕಿಸದೆ, ಎಲ್ಲ ನಾಬ್ ಸೊನ್ನೆಯಲ್ಲಿಟ್ಟು ಆನ್ ಮಾಡಿ. ಸಣ್ಣಗೆ ಟಪ್ ಅಂದರೆ ಸರಿ. ಕೋನ್ ಜೋರಾಗಿ ಮುಂದಕ್ಕೆ ಅಥವಾ ಹಿಂದಕ್ಕೆ ಹಾರಿ ಅಲ್ಲೇ ನಿಂತುಬಿಟ್ಟರೆ ತಕ್ಷಣ ಆಫ್ ಮಾಡಿ. ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಬರುತ್ತಿದೆ, ಸ್ಪೀಕರ್ ಕೆಲವೇ ಕ್ಷಣದಲ್ಲಿ ಸುಡುತ್ತದೆ.

ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಗುಂಯ್ ಎನ್ನುವ ಸದ್ದು ಜೋರಾಗಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರಬಹುದು. ಬಿಸಿಗೆ ಅವು ಬೇಗ ಹಳತಾಗುತ್ತವೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹತ್ತು ಬೇಸಿಗೆ ಕಂಡ ಆಂಪ್‌ನಲ್ಲಿ ಇದು ಸಹಜ. ಕೆಪಾಸಿಟರ್ ದುಬಾರಿ ಅಲ್ಲ, ಮೆಕ್ಯಾನಿಕ್ ಬದಲಿಸಿ ಕೊಡುತ್ತಾರೆ. ಬೆಲೆ ಇಳಿಸಲು ಇದನ್ನು ಹೇಳಬಹುದು.

ಮೊದಲು ಹಂತ 7ರಲ್ಲಿ ಹೇಳಿದ ಟೆಸ್ಟರ್ ಪರೀಕ್ಷೆ ಮುಗಿಸಿ, ಆಮೇಲೆ ಬೇಸ್ ಸಿಕ್ಕಿಸಿ. ಒಂದೊಂದು ನಾಬನ್ನೂ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕರಕರ ಅಂದರೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ಸಲ ತಿರುಗಿಸಿದರೆ ಬಹುತೇಕ ಹೋಗುತ್ತದೆ. ಒಂದು ಜಾಗದಲ್ಲಿ ಸದ್ದು ಪೂರ್ತಿ ನಿಂತುಹೋದರೆ ಆ ನಾಬ್‌ನ ಹಿಂದಿರುವ ಪಾಟ್ ಎಂಬ ಭಾಗ ಬದಲಿಸಬೇಕು. ಇನ್‌ಪುಟ್ ಸಾಕೆಟ್‌ನಲ್ಲಿ ಕೇಬಲ್ ಪಿನ್ನನ್ನು ಸ್ವಲ್ಪ ಅಲುಗಾಡಿಸಿ. ಸದ್ದು ಬಂದು ಹೋಗಿ ಮಾಡಿದರೆ ಬೆಸುಗೆ ಬಿಟ್ಟಿದೆ, ಸಣ್ಣ ಕೆಲಸ.

ಆಮೇಲೆ ಮುಖ್ಯ ಪರೀಕ್ಷೆ. ಬೇಸ್, ಮಿಡ್, ಟ್ರೆಬಲ್ (ಕೆಳಗಿನ, ನಡುವಿನ, ಮೇಲಿನ ಸ್ವರಗಳ) ನಾಬ್ ಮೂರನ್ನೂ ನಡುವೆ ಇಡಿ. ವಾಲ್ಯೂಮ್ ಮನೆಯಲ್ಲಿ ಮಾತಾಡುವಷ್ಟು. ಇ ತಂತಿಯನ್ನು ಖಾಲಿ ಮೀಟಿ, ನಂತರ ಒಂದೊಂದೇ ಫ್ರೆಟ್ (ಬೇಸ್‌ನ ಕತ್ತಿನ ಮೇಲಿನ ಲೋಹದ ಗೆರೆ) ಏರುತ್ತಾ 12ನೇ ಫ್ರೆಟ್ ತನಕ ಹೋಗಿ. ಪ್ರತಿ ಸ್ವರವನ್ನೂ ಪೂರ್ತಿ ಆರುವ ತನಕ ಬಿಡಿ. ನಾಲ್ಕೂ ತಂತಿ ಹೀಗೆ. ಸ್ವರ ಯಾವುದು ಅಂತ ಕಿವಿಗೆ ತಿಳಿಯಬೇಕು. ಬರೀ ಗುಮ್ಮೆನ್ನುವ ಗಾಳಿ ಬಂದರೆ ಆ ಆಂಪ್ ಕಲಿಯುವವರಿಗೆ ಆಗುವುದಿಲ್ಲ, ಶ್ರುತಿ ತಪ್ಪಿದರೂ ಗೊತ್ತಾಗುವುದಿಲ್ಲ. ಸರಿ ಅನಿಸಿದರೆ ವಾಲ್ಯೂಮ್ ಅರ್ಧಕ್ಕೇರಿಸಿ ಇನ್ನೊಮ್ಮೆ ನುಡಿಸಿ.

ಒಂದು ಸ್ವರದಲ್ಲಿ ಜರ್ ಅಂತ ಬಂದರೆ ಗಾಬರಿ ಬೇಡ. ಶೆಲ್ಫ್ ಮೇಲಿನ ಸ್ಟೀಲ್ ತಾಟು, ಕಿಟಕಿ ಗಾಜು, ಆಂಪ್‌ನ ಸಡಿಲ ಸ್ಕ್ರೂ, ಏನು ಬೇಕಾದರೂ ನಡುಗಬಹುದು. ಕೈಯಿಂದ ಒತ್ತಿ ಹಿಡಿದು ನೋಡಿ. ಆಮೇಲೆ ಅದೇ ಸ್ವರವನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಹೆಡ್‌ಫೋನ್‌ನಲ್ಲಿ ಶುದ್ಧವಾಗಿದ್ದು ಸ್ಪೀಕರ್‌ನಲ್ಲಿ ಮಾತ್ರ ಜರ್ ಅಂದರೆ ದೋಷ ಸ್ಪೀಕರ್‌ನಲ್ಲಿ ಅಥವಾ ಡಬ್ಬಿಯಲ್ಲಿ. ಎರಡರಲ್ಲೂ ಬಂದರೆ ದೋಷ ಸರ್ಕ್ಯೂಟ್‌ನಲ್ಲಿ, ಇಲ್ಲವೇ ನಿಮ್ಮ ಬೇಸ್‌ನ ತಂತಿಯೇ ಫ್ರೆಟ್‌ಗೆ ತಾಗುತ್ತಿದೆ. ಈ ಒಂದು ಉಪಾಯ ನನ್ನನ್ನು ಎಷ್ಟೋ ಸಲ ಉಳಿಸಿದೆ.

ಮಾರುವವರು ಒಪ್ಪಿದರೆ ಆಫ್ ಮಾಡಿ ಜಾಲರಿ ತೆಗೆಯಿರಿ. ಕೋನ್‌ನ ನಡುವೆ ಟೋಪಿಯ ಸುತ್ತ ಬೆರಳುಗಳನ್ನು ಸಮವಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಬೆಣ್ಣೆಯಲ್ಲಿ ಜಾರಿದಂತೆ ಹೋಗಿ ಬರಬೇಕು. ಮರಳು ಉಜ್ಜಿದ ಹಾಗೆ ಸದ್ದು ಬಂದರೆ ಕಾಯಿಲ್ ಓರೆಯಾಗಿದೆ. ನನ್ನ ಮೊದಲ ಆಂಪ್‌ಗೆ ಆಗಿದ್ದು ಇದೇ.

ಹೆಡ್‌ಫೋನ್ ಸಿಕ್ಕಿಸಿದಾಗ ಎರಡೂ ಕಿವಿಗೆ ಕೇಳುತ್ತಾ, ಸ್ಪೀಕರ್ ತಾನಾಗಿ ನಿಲ್ಲುತ್ತಾ ನೋಡಿ. ಆಕ್ಸ್‌ನಲ್ಲಿ ಒಂದು ಹಾಡು ಹಾಕಿ ಇಪ್ಪತ್ತು ನಿಮಿಷ ಓಡಲು ಬಿಡಿ. ಬಿಸಿಯಾದ ಮೇಲೆ ಬರುವ ದೋಷಗಳು ತಣ್ಣಗಿದ್ದಾಗ ಅಡಗಿರುತ್ತವೆ. ಹಿಂಭಾಗ ಬೆಚ್ಚಗಾಗುವುದು ಸಹಜ, ಕೈ ಇಡಲಾರದಷ್ಟು ಸುಡುವುದು ಅಲ್ಲ.

ಹಂತ 7: ಅರ್ಥಿಂಗ್, ಇದನ್ನು ಬಿಡಲೇಬೇಡಿ

ಬೇಸ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಡಬ್ಬಿಗೆ, ಅಲ್ಲಿಂದ ಅರ್ಥ್ ಪಿನ್‌ಗೆ ಸೇರಿರುತ್ತವೆ. ಆಂಪ್‌ನೊಳಗೆ ಎಲ್ಲಾದರೂ ಕರೆಂಟ್ ಡಬ್ಬಿಗೆ ತಾಗಿ, ಅರ್ಥ್ ಸರಿ ಇಲ್ಲದಿದ್ದರೆ, ಆ ಕರೆಂಟ್ ನಿಮ್ಮ ಬೆರಳಿಗೇ ಬರುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ ಜೀವಕ್ಕೆ ಅಪಾಯ. ಆಂಪ್ ಆನ್ ಆಗಿದ್ದಾಗ ತಂತಿ ಮುಟ್ಟುವ ಮುಂಚೆ, ಆಂಪ್‌ನ ಸ್ಕ್ರೂಗೆ, ಇನ್‌ಪುಟ್ ಸಾಕೆಟ್‌ನ ಲೋಹಕ್ಕೆ ಟೆಸ್ಟರ್ ಇಡಿ. ದೀಪ ಹೊತ್ತಿದರೆ ಅಲ್ಲಿಗೆ ನಿಲ್ಲಿಸಿ. ದೋಷ ಆಂಪ್‌ನದೋ ಆ ಮನೆಯ ವೈರಿಂಗ್‌ದೋ ಅನ್ನುವುದು ಆಮೇಲೆ.

ನಿಮ್ಮ ಮನೆಯನ್ನೂ ನೋಡಿಸಿ. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಅರ್ಥ್ ಗುಂಡಿ ಇದ್ದರೂ ನಮ್ಮ ಕಡೆ ಒಂದು ತೊಂದರೆ ಇದೆ. ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಒಳಗಿನ ಪ್ಲೇಟಿಗೂ ಮಣ್ಣಿಗೂ ನಂಟು ತಪ್ಪುತ್ತದೆ. ಒಣ ಮಣ್ಣಲ್ಲಿ ಕರೆಂಟ್ ಹರಿಯುವುದು ಕಷ್ಟ. ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು. ಮಾರ್ಚ್‌ನಿಂದ ಮಳೆ ಬರುವ ತನಕ ಆಗಾಗ ಒಂದೆರಡು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಕರೆಸಿದಾಗ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿತ ಮಾಡುವ ಸ್ವಿಚ್) ಹಾಕಿಸಿಕೊಳ್ಳಿ. ಆಂಪ್‌ಗಿಂತ ಮೊದಲು ಈ ಖರ್ಚು ಮಾಡಿದರೂ ನಾನು ಸರಿ ಅನ್ನುತ್ತೇನೆ.

ಗುಂಯ್ ಸದ್ದು ಹೋಗಲಿ ಅಂತ ಕೆಲವರು ಅರ್ಥ್ ಪಿನ್ ಕತ್ತರಿಸಲು ಹೇಳುತ್ತಾರೆ. ಯಾರು ಹೇಳಿದರೂ ಮಾಡಬೇಡಿ.

ಹಂತ 8: ಬೆಲೆ

ಅದೇ ಮಾದರಿ, ಇಲ್ಲವೇ ಅದರ ಈಗಿನ ರೂಪದ ಹೊಸ ಬೆಲೆ ನೋಡಿಕೊಳ್ಳಿ. ಎಲ್ಲ ಪರೀಕ್ಷೆ ದಾಟಿದ, ಚೆಂದವಾಗಿ ಇಟ್ಟ ಆಂಪ್‌ಗೆ ನಾನು ಅದರ ಅರ್ಧದಷ್ಟು ಕೊಡುತ್ತೇನೆ. ಬಿಲ್ಲು, ಡಬ್ಬ ಎಲ್ಲ ಇದ್ದು ಎರಡು ವರ್ಷದೊಳಗಿನದಾದರೆ ಇನ್ನು ಸ್ವಲ್ಪ ಮೇಲೆ. ಕರಕರ ನಾಬ್, ಸಡಿಲ ಸಾಕೆಟ್‌ಗೆ ಸ್ವಲ್ಪ ಕಡಿಮೆ ಮಾಡಿಸಿ. ಸ್ಪೀಕರ್ ಹೋಗಿದ್ದರೆ ಮೊದಲು ಮೆಕ್ಯಾನಿಕ್‌ಗೆ ಫೋನ್ ಮಾಡಿ ಖರ್ಚು ಕೇಳಿ, ಆಮೇಲೆ ಮಾತಾಡಿ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಯೋಚಿಸಿ.

ಚೌಕಾಸಿ ಮಾಡುವಾಗ ಕಂಡ ದೋಷವನ್ನು ತೋರಿಸಿ ಕೇಳಿ, ಇಲ್ಲದ ದೋಷ ಹೇಳಬೇಡಿ. ನಮ್ಮ ಕಡೆ ಸಂಗೀತದವರ ಸಂಖ್ಯೆ ಸಣ್ಣದು. ನಾಳೆ ಅದೇ ಮನುಷ್ಯನ ಜೊತೆ ಒಂದೇ ಸ್ಟೇಜ್ ಮೇಲೆ ನಿಲ್ಲಬೇಕಾಗುತ್ತದೆ.

ಹಂತ 9: ಮನೆಗೆ ತಂದ ಮೇಲೆ

ಬಸ್ಸಿನಲ್ಲಿ ತರುವಾಗ ಡಿಕ್ಕಿಯಲ್ಲಿ ಹಾಕಬೇಡಿ. ಹೊದಿಕೆ ಸುತ್ತಿ ಪಕ್ಕದಲ್ಲಿಟ್ಟುಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಂಟೆಗಟ್ಟಲೆ ಬಿಡಬೇಡಿ.

ಕೋಣೆಯ ಮೂಲೆಯಲ್ಲಿ ಇಡಬೇಡಿ, ಅಲ್ಲಿ ಗುಡುಗು ಜಾಸ್ತಿ. ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ, ಗಟ್ಟಿ ಸ್ಟೂಲ್ ಅಥವಾ ಕುರ್ಚಿಯ ಮೇಲೆ ಇಡಿ. ಸ್ಪೀಕರ್ ಕಿವಿಯ ಕಡೆ ನೋಡುತ್ತಿದ್ದರೆ ಸಣ್ಣ ಸದ್ದಿನಲ್ಲೇ ಸ್ವರ ಸ್ಪಷ್ಟ ಕೇಳುತ್ತದೆ. ಕೆಳಗೆ ಒಂದು ಹಳೆ ಕೌದಿ ಮಡಚಿ ಹಾಕಿದರೆ ಕೆಳಗಿನ ಮನೆಯವರಿಗೆ ನಡುಕ ಕಡಿಮೆ ಆಗುತ್ತದೆ. ಗುಡುಗು ಇನ್ನೂ ಇದ್ದರೆ ಬೇಸ್ ನಾಬ್ ಸ್ವಲ್ಪ ಇಳಿಸಿ, ಮಿಡ್ ಸ್ವಲ್ಪ ಏರಿಸಿ. ಹೊಸಬರು ಇದರ ಉಲ್ಟಾ ಮಾಡುತ್ತಾರೆ. ಸ್ವರದ ಗುರುತು ಇರುವುದು ಮಿಡ್‌ನಲ್ಲಿ. ನಿಮ್ಮ ಬೇಸ್‌ನೊಳಗೆ 9 ವೋಲ್ಟ್ ಬ್ಯಾಟರಿ ಇದ್ದರೆ ಅದು ಆಕ್ಟಿವ್. ಆಂಪ್‌ನಲ್ಲಿ ಆಕ್ಟಿವ್ ಅಂತ ಬರೆದ ಸಾಕೆಟ್ ಇದ್ದರೆ ಅದಕ್ಕೇ ಸಿಕ್ಕಿಸಿ.

ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ನುಡಿಸುವಾಗ ಜೀ ಎನ್ನುವ ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಆಂಪ್ ಕೆಟ್ಟಿಲ್ಲ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ, ಆಫ್ ಮಾಡಿ ಕರೆಂಟ್ ಬರುವ ತನಕ ಕಾಯುವುದು ಒಳ್ಳೆಯದು. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ. ಗುಡುಗು ಸಿಡಿಲಿನ ದಿನ ಪ್ಲಗ್ ಕಿತ್ತಿಡಿ.

ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆ ಮುಗಿದ ಮೇಲೆ, ಮೆಕ್ಯಾನಿಕ್ ಹತ್ತಿರ ಒಯ್ದು ಬ್ಲೋವರ್ ಹೊಡೆಸಿ ಧೂಳು ತೆಗೆಸಿ.

ಉಳಿದ ದಿನ ಕವರ್ ಹಾಕಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ. ಉಳಿದ ದಪ್ಪ ಬಟ್ಟೆ ಕೇಳಿ, ಆಂಪ್‌ನ ಅಳತೆ ಕೊಟ್ಟು ಹೊಲಿಸಿಕೊಳ್ಳಿ. ಹಿಡಿಕೆ ಹೊರಗೆ ಬರಲು ಮೇಲೆ ಒಂದು ಸೀಳು ಇರಲಿ. ನನ್ನ ಆಂಪ್‌ಗೆ ಹೊಲಿಸಿದ ಕವರ್ ಮೇಲೆ ಕೆಂಪು ಧೂಳು ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ತಿಂಗಳಿಗೊಮ್ಮೆ ಒಗೆದು ಹಾಕುತ್ತೇನೆ. ನುಡಿಸಲು ಕೂರುವಾಗ ಕವರ್ ಪೂರ್ತಿ ತೆಗೆದು, ಹಿಂದಿನ ಗಾಳಿ ಕಿಂಡಿ ಬಿಟ್ಟುಕೊಂಡಿದೆಯಾ ನೋಡಿ, ಆಮೇಲೆ ಸ್ವಿಚ್ ಹಾಕಿ.